ಕುಡಿದ ಕೊಲಾಜೆನ್ ಚರ್ಮಕ್ಕೆ ಸೇರುವುದೇ? ಆರೋಗ್ಯ ಪುರವಣಿಗೆ ಒಂದು ತಿದ್ದುಪಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಕೊಲಾಜೆನ್ ಪುಡಿಯ ಕುರಿತು ಬಂದ ಲೇಖನವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ವಯಸ್ಸಾದಂತೆ ಚರ್ಮದಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಕಡಿಮೆಯಾಗುತ್ತದೆ, ಆದ್ದರಿಂದ ದಿನವೂ ಒಂದು ಚಮಚ ಕೊಲಾಜೆನ್ ಪುಡಿಯನ್ನು ನೀರಿಗೆ ಬೆರೆಸಿ ಕುಡಿದರೆ ಆ ಕೊರತೆ ತುಂಬಿ ಸುಕ್ಕು ಮಾಯವಾಗುತ್ತದೆ ಎಂಬುದು ಆ ಲೇಖನದ ಸಾರ. ಮೊದಲ ಮಾತು ನಿಜ. ಎರಡನೆಯ ಮಾತು ಮೊದಲನೆಯದರಿಂದ ಹುಟ್ಟುವುದಿಲ್ಲ. ಎರಡರ ನಡುವೆ ಜಠರವಿದೆ, ಸಣ್ಣ ಕರುಳಿದೆ, ಯಕೃತ್ತಿದೆ, ಅವುಗಳ ಕೆಲಸವನ್ನು ಲೇಖಕರು ಒಂದು ಸಾಲಿನಲ್ಲೂ ಪ್ರಸ್ತಾಪಿಸಿಲ್ಲ. ಇದು ಒಂದು ಲೇಖನದ ತಪ್ಪಾಗಿದ್ದರೆ ಪತ್ರ ಬರೆಯುವ ಅಗತ್ಯವಿರಲಿಲ್ಲ. ಪ್ರೋಟೀನ್ ಪುಡಿ, ಗಿಣ್ಣು ಹಾಲಿನ ಮಾತ್ರೆ, ಕಿಣ್ವಗಳ ಪಾನಕ, ವಂಶವಾಹಿಗೆ ಕುತ್ತು ತರುವ ತರಕಾರಿ ಎಂದು ಕನ್ನಡದ ಪತ್ರಿಕೆಗಳಲ್ಲೂ ಅವುಗಳ ಜಾಹೀರಾತುಗಳಲ್ಲೂ ಓದಲು ಸಿಗುವ ಬರಹಗಳೆಲ್ಲದರ ಬುಡದಲ್ಲಿ ಒಂದೇ ನಂಬಿಕೆಯಿದೆ: ಜೀವದ ದೊಡ್ಡ ಅಣುಗಳನ್ನು ತಿಂದರೆ ಅವು ಇಡಿಯಾಗಿ ನಮ್ಮ ಮೈ ಸೇರಿ, ಮೂಲದಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿಯೂ ಮಾಡುತ್ತವೆ ಎಂಬುದು. ಜೀವರಸಾಯನ ಶಾಸ್ತ್ರವನ್ನು ಕಲಿಸಿಕೊಂಡು ಬಂದವರಿಗೆ ಇದನ್ನು ಓದಿ ಸುಮ್ಮನಿರಲು ಆಗುವುದಿಲ್ಲ.

ದೊಡ್ಡದು ಎಂದರೆ ಎಷ್ಟು ದೊಡ್ಡದು ಎಂಬುದನ್ನು ಮೊದಲು ಹೇಳಬೇಕು. ಹೈಡ್ರೋಜನ್ ಪರಮಾಣುವಿನ ತೂಕವನ್ನು 1 ಎಂದು ಹಿಡಿದರೆ ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಅಣುವಿನ ತೂಕ 151, ಗ್ಲೂಕೋಸಿನದು 180. ಇನ್ಸುಲಿನ್ ಸುಮಾರು 5,800. ಪ್ರೋಟೀನುಗಳಲ್ಲಿ ಅದು ತೀರ ಚಿಕ್ಕದು. ರಕ್ತದ ಹಿಮೋಗ್ಲೋಬಿನ್ ಸುಮಾರು 64,500, ಕೊಲಾಜೆನ್ ಸುಮಾರು ಮೂರು ಲಕ್ಷ, ಅಕ್ಕಿ ರಾಗಿಗಳ ಪಿಷ್ಟದಲ್ಲಿರುವ ಕವಲೊಡೆದ ಅಣುಗಳದು ಕೋಟಿಗಳ ಲೆಕ್ಕ. ಇಷ್ಟು ದೊಡ್ಡ ಅಣುಗಳು ಇರಬಹುದು ಎಂಬುದನ್ನೇ ಒಂದು ಕಾಲದಲ್ಲಿ ರಸಾಯನ ವಿಜ್ಞಾನಿಗಳು ಒಪ್ಪಿರಲಿಲ್ಲ. ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ರಬ್ಬರು, ಪಿಷ್ಟ, ಸೆಲ್ಯುಲೋಸುಗಳು ಚಿಕ್ಕ ಘಟಕಗಳು ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಂಡ ಉದ್ದನೆಯ ಸರಪಳಿಗಳು ಎಂದು ಬರೆದಾಗ, ಅವು ಸಣ್ಣ ಅಣುಗಳು ಒಟ್ಟುಗೂಡಿದ ಮುದ್ದೆಗಳಷ್ಟೇ ಎಂದು ವಾದಿಸಿದವರೇ ಹೆಚ್ಚು. ಆತನಿಗೆ ನೊಬೆಲ್ ಬಂದದ್ದು 1953ರಲ್ಲಿ. ಪಿಷ್ಟದ ಸರಪಳಿಯಲ್ಲಿರುವ ಘಟಕ ಗ್ಲೂಕೋಸ್ ಒಂದೇ. ಪ್ರೋಟೀನಿನಲ್ಲಿ 20 ಬಗೆಯ ಅಮೈನೋ ಆಮ್ಲಗಳಿವೆ. ಡಿ.ಎನ್.ಎ. ಮತ್ತು ಆರ್.ಎನ್.ಎ.ಗಳಲ್ಲಿ ನಾಲ್ಕು ನಾಲ್ಕು ಬಗೆಯ ನ್ಯೂಕ್ಲಿಯೋಟೈಡುಗಳು. ಕೊಬ್ಬನ್ನು ಇವುಗಳ ಸಾಲಿಗೆ ಸೇರಿಸುವ ರೂಢಿಯಿದೆಯಾದರೂ ಅದು ಸರಪಳಿಯಲ್ಲ, ಗಾತ್ರದಲ್ಲೂ ಚಿಕ್ಕದು. ಕೋಟ್ಯಂತರ ಕೊಬ್ಬಿನಂಶದ ಅಣುಗಳು ಒತ್ತೊತ್ತಾಗಿ ನಿಂತು ಜೀವಕೋಶದ ಪೊರೆಯಾಗುತ್ತವೆ ಎಂಬ ಕಾರಣಕ್ಕೆ ಅದಕ್ಕೆ ಆ ಸ್ಥಾನ.

ಈ ಸರಪಳಿಗಳನ್ನು ಬಿಡಿಸದೆ ಕರುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದನ್ನು ನೋಡಲು ದೊಡ್ಡ ಪ್ರಯೋಗಾಲಯ ಬೇಡ, ಹೈಸ್ಕೂಲಿನ ಒಂದು ಮೇಜು ಸಾಕು. ಚಿಟಿಕೆ ಅಕ್ಕಿ ಹಿಟ್ಟನ್ನು ನೀರಿನಲ್ಲಿ ಕದಡಿ, ಕುದಿಸಿ, ಬೆಚ್ಚಗಾಗುವವರೆಗೆ ಆರಿಸಿದ ತೆಳು ಗಂಜಿಗೆ ಬಾಯಿಯ ಜೊಲ್ಲನ್ನು ಬೆರೆಸಬೇಕು. ಬಿಳಿ ಪಿಂಗಾಣಿ ತಟ್ಟೆಯ ಗುಳಿಗಳಲ್ಲಿ ಒಂದೊಂದು ತೊಟ್ಟು ಅಯೋಡಿನ್ ಹಾಕಿಟ್ಟುಕೊಂಡು, ನಿಮಿಷಕ್ಕೊಮ್ಮೆ ಗಂಜಿಯ ಒಂದು ತೊಟ್ಟನ್ನು ಒಂದೊಂದು ಗುಳಿಗೆ ಬಿಡುತ್ತ ಹೋಗಬೇಕು. ಮೊದಲ ಗುಳಿ ಕಡುನೀಲಿಯಾಗುತ್ತದೆ. ಮುಂದಿನವು ನೇರಳೆಗೆ, ಆಮೇಲೆ ಕೆಂಗಂದಿಗೆ ತಿರುಗುತ್ತವೆ. ಕೊನೆಯ ಗುಳಿಗಳಲ್ಲಿ ಅಯೋಡಿನ್ ತನ್ನ ಹಳದಿಯಲ್ಲೇ ಉಳಿಯುತ್ತದೆ. ಅಯೋಡಿನ್ನು ನೀಲಿಯಾಗುವುದು ಸುರುಳಿ ಸುತ್ತಿದ ಪಿಷ್ಟದ ಉದ್ದ ಸರಪಳಿಯೊಳಗೆ ಸಿಕ್ಕಿಕೊಂಡಾಗ ಮಾತ್ರ. ಜೊಲ್ಲಿನ ಅಮೈಲೇಸ್ ಕಿಣ್ವ ಸರಪಳಿಯನ್ನು ಕತ್ತರಿಸಿ ಮೋಟು ಮಾಡಿದಂತೆಲ್ಲ ಸುರುಳಿಯೂ ಇಲ್ಲ, ನೀಲಿಯೂ ಇಲ್ಲ. ಗಂಟಲಿಗಿಳಿಯುವ ಮೊದಲೇ ಶುರುವಾದ ಈ ಕತ್ತರಿಸುವ ಕೆಲಸ ಸಣ್ಣ ಕರುಳಿನಲ್ಲಿ ಮುಗಿಯುತ್ತದೆ. ಪ್ರೋಟೀನಿನ ಪಾಲಿಗೆ ಜಠರದ ಆಮ್ಲ ಮತ್ತು ಪೆಪ್ಸಿನ್, ಆಮೇಲೆ ಮೇದೋಜ್ಜೀರಕ ಗ್ರಂಥಿಯಿಂದ ಬರುವ ಟ್ರಿಪ್ಸಿನ್ ಮೊದಲಾದ ಕಿಣ್ವಗಳು ಇದೇ ಕೆಲಸ ಮಾಡುತ್ತವೆ. ಕರುಳಿನ ಗೋಡೆಯನ್ನು ದಾಟುವುದು ಬಿಡಿ ಅಮೈನೋ ಆಮ್ಲಗಳು ಮತ್ತು ಎರಡು ಮೂರು ಕೊಂಡಿಗಳ ಚೂರುಗಳು. ಆ ಚೂರುಗಳಲ್ಲೂ ಹೆಚ್ಚಿನವು ಗೋಡೆಯ ಕೋಶಗಳ ಒಳಗೇ ಬಿಡಿಬಿಡಿಯಾಗುತ್ತವೆ. ಹಳೆಯ ಮನೆಯನ್ನು ಕಳಚಿ ತೊಲೆ ಜಂತೆಗಳನ್ನು ಕೊಂಡು ತಂದವನು ಅವುಗಳಿಂದ ಬಾಗಿಲು ಮಾಡಿಸುತ್ತಾನೋ ದನದ ಕೊಟ್ಟಿಗೆ ಕಟ್ಟಿಸುತ್ತಾನೋ ಎಂಬುದನ್ನು ಹಳೆಯ ಮನೆಯ ನಕ್ಷೆ ನಿರ್ಧರಿಸುವುದಿಲ್ಲ. ಒಳಗೆ ಬಂದ ಅಮೈನೋ ಆಮ್ಲಕ್ಕೂ ತಾನು ಹಿಂದೆ ದನದ ಚರ್ಮದಲ್ಲಿತ್ತೋ ತೊಗರಿಬೇಳೆಯಲ್ಲಿತ್ತೋ ಎಂಬ ಗುರುತಿಲ್ಲ.

ಇದಕ್ಕೆ ಸಾಕ್ಷಿ ಬೇಕಾದವರು ಸಕ್ಕರೆ ಕಾಯಿಲೆಯವರ ಮನೆಯ ಫ್ರಿಜ್ಜಿನ ಬಾಗಿಲನ್ನು ತೆರೆದು ನೋಡಬಹುದು. ಟೊರಾಂಟೊ ನಗರದಲ್ಲಿ 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಸಾರವನ್ನು ಸೂಜಿಯಿಂದ ಕೊಡಲಾಯಿತು. ನೂರು ವರ್ಷ ದಾಟಿದರೂ ಅದನ್ನು ಕೊಡುವುದು ಬಹುಪಾಲು ಸೂಜಿಯಿಂದಲೇ. ಉಸಿರಿನ ಮೂಲಕ ಎಳೆದುಕೊಳ್ಳುವ ಇನ್ಸುಲಿನ್ ಬಂದಿದೆ, ಊಟದಂತೆ ನುಂಗಿ ಕೆಲಸ ಸಾಗಿಸುವ ಇನ್ಸುಲಿನ್ ಇನ್ನೂ ಬಳಕೆಗೆ ಬಂದಿಲ್ಲ. ಆ ಅಣುವಿನ ಗುಟ್ಟೇನೂ ಉಳಿದಿಲ್ಲ: ಎರಡು ಎಳೆಗಳು, 21 ಮತ್ತು 30ರಂತೆ ಒಟ್ಟು 51 ಅಮೈನೋ ಆಮ್ಲಗಳು, ಅವುಗಳ ಸಾಲನ್ನು ಬಿಡಿಸಿದ ಫ್ರೆಡರಿಕ್ ಸ್ಯಾಂಗರ್‌ಗೆ 1958ರಲ್ಲಿ ನೊಬೆಲ್, ಅದರ ಮೂರು ಆಯಾಮದ ಆಕಾರವನ್ನು 1969ರಲ್ಲಿ ತೋರಿಸಿದವರು ಡೊರೊತಿ ಹಾಜ್ಕಿನ್. ಈಗ ಬೆಂಗಳೂರಿನಲ್ಲೇ ಯೀಸ್ಟ್ ಕೋಶಗಳಿಂದ ಅದನ್ನು ಮಾಡಿಸಿಕೊಳ್ಳುತ್ತಾರೆ. ಇಷ್ಟೆಲ್ಲ ತಿಳಿದಿದ್ದರೂ ಜಠರದ ಮುಂದೆ ನಡೆಯುವುದಿಲ್ಲ. ಸೆಮಾಗ್ಲುಟೈಡ್ ಎಂಬ, ಇನ್ಸುಲಿನ್ನಿಗಿಂತಲೂ ಚಿಕ್ಕದಾದ ಸಕ್ಕರೆ ಕಾಯಿಲೆಯ ಔಷಧವನ್ನು ಮಾತ್ರೆಯ ರೂಪದಲ್ಲಿ ತರುವಾಗ, ಅದನ್ನು ಕಿಣ್ವಗಳಿಂದ ಕಾಪಾಡಿ ಜಠರದ ಗೋಡೆಯಲ್ಲಿ ತೂರಿಸಲೆಂದೇ ಇನ್ನೊಂದು ರಾಸಾಯನಿಕವನ್ನು ಜೊತೆಗಿಡಬೇಕಾಯಿತು. ಅಷ್ಟಾದರೂ ರಕ್ತ ಸೇರುವುದು ನುಂಗಿದ್ದರಲ್ಲಿ ನೂರಕ್ಕೆ ಒಂದರ ಆಸುಪಾಸು. ಔಷಧ ವಿಜ್ಞಾನ ಇಷ್ಟು ಹೆಣಗಿಯೂ ಪಡೆಯಲಾಗದ್ದನ್ನು ನಿಂಬೆ ಪರಿಮಳದ ಪುಡಿಯೊಂದು ಪಡೆಯುತ್ತದೆ ಎಂದು ಬರೆಯುವವರು ಒಂದು ಕ್ಷಣ ನಿಂತು ಯೋಚಿಸಬೇಕಿತ್ತು.

ಕೊಲಾಜೆನ್ ವಿಷಯಕ್ಕೇ ಬರುತ್ತೇನೆ, ಏಕೆಂದರೆ ಅದರ ಕಥೆಗೂ ನಮಗೂ ನಂಟಿದೆ. ನಮ್ಮ ಮೈಯ ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಇದೊಂದೇ. ಚರ್ಮ, ಮೂಳೆ, ಮೃದ್ವಸ್ಥಿ, ಸ್ನಾಯುಗಳನ್ನು ಮೂಳೆಗೆ ಬಿಗಿಯುವ ರಜ್ಜು ಎಲ್ಲದರ ಬಲವೂ ಇದರದು. ಮೂರು ಎಳೆಗಳು ಹೊಸೆದುಕೊಂಡು ಇದು ಆಗಿದೆ ಎಂದು ತೋರಿಸಿಕೊಟ್ಟವರು ಮದ್ರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ, ವರ್ಷ 1954. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್, ಮುಂದೆ ಅದೇ ಸಂಸ್ಥೆಗೆ ಮರಳಿ ಅಣು ಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. ಪ್ರೋಟೀನಿನ ಎಳೆ ಎಲ್ಲಿ ಬಾಗಬಲ್ಲದು, ಎಲ್ಲಿ ಬಾಗಲಾರದು ಎಂಬುದನ್ನು ಹೇಳುವ, ಅವರೂ ಸಹೋದ್ಯೋಗಿಗಳೂ 1963ರಲ್ಲಿ ಪ್ರಕಟಿಸಿದ ನಕ್ಷೆಯನ್ನು ಇಂದಿಗೂ ಜಗತ್ತಿನ ಯಾವ ಪ್ರಯೋಗಾಲಯವೂ ಬಿಟ್ಟು ಮುಂದೆ ಹೋಗುವುದಿಲ್ಲ. ಕೊಲಾಜೆನ್ ಎಳೆಯಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಇರಲೇಬೇಕು. ಮೂರೂ ಎಳೆಗಳು ಸೇರುವ ನಡುಭಾಗದಲ್ಲಿ ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದಾದ ಗ್ಲೈಸಿನ್ನಿಗಷ್ಟೇ ಜಾಗವಿದೆ. ಸಾವಿರದಷ್ಟು ಅಮೈನೋ ಆಮ್ಲಗಳ ಎಳೆಯಲ್ಲಿ ಅಂಥ ಒಂದು ಗ್ಲೈಸಿನ್ನಿನ ಜಾಗಕ್ಕೆ ಬೇರೊಂದು ಬಂದು ಕೂತರೂ ಮಗು ಮುಟ್ಟಿದರೆ ಮುರಿಯುವ ಮೂಳೆಗಳೊಂದಿಗೆ ಹುಟ್ಟಬಹುದು.

ಇನ್ನೂ ಒಂದು ಸಂಗತಿ ಈ ಚರ್ಚೆಯನ್ನು ಹೆಚ್ಚುಕಡಿಮೆ ಮುಗಿಸಿಬಿಡುತ್ತದೆ. ಕೊಲಾಜೆನ್ನಿನ ವಿಶೇಷ ಘಟಕವೆಂದು ಜಾಹೀರಾತುಗಳು ಕೊಂಡಾಡುವ ಹೈಡ್ರಾಕ್ಸಿಪ್ರೋಲಿನ್, ಎಳೆ ನೇಯುವಾಗ ಹೊರಗಿನಿಂದ ತಂದು ಸೇರಿಸುವ ವಸ್ತುವಲ್ಲ. ಅದಕ್ಕೆ ನಮ್ಮ ವಂಶವಾಹಿಯ ಲಿಪಿಯಲ್ಲಿ ಸಂಕೇತವೇ ಇಲ್ಲ. ಜೀವಕೋಶ ಮೊದಲು ಪ್ರೋಲಿನ್ ಎಂಬ ಸಾಮಾನ್ಯ ಅಮೈನೋ ಆಮ್ಲವನ್ನು ಸೇರಿಸಿ ಎಳೆ ನೇಯ್ದು, ಆಮೇಲೆ ಒಂದು ಕಿಣ್ವದ ಮೂಲಕ ಅವುಗಳಲ್ಲಿ ಹಲವನ್ನು ಹೈಡ್ರಾಕ್ಸಿಪ್ರೋಲಿನ್ ಆಗಿ ಮಾರ್ಪಡಿಸುತ್ತದೆ. ಹಾಗಾಗಿ ಪುಡಿಯಿಂದ ಬಂದ ಹೈಡ್ರಾಕ್ಸಿಪ್ರೋಲಿನ್ ಹೊಸ ಕೊಲಾಜೆನ್ನಿನ ಎಳೆಯಲ್ಲಿ ಕೂರಲು ದಾರಿಯೇ ಇಲ್ಲ. ಆ ಕಿಣ್ವ ಕೆಲಸ ಮಾಡಲು ಕಬ್ಬಿಣವೂ ಸಿ ಜೀವಸತ್ವವೂ ಬೇಕು. ತಿಂಗಳುಗಟ್ಟಲೆ ಹಣ್ಣು ತರಕಾರಿಯಿಲ್ಲದೆ ಹಡಗಿನಲ್ಲಿದ್ದ ನಾವಿಕರ ಒಸಡು ಕೊಳೆತು ಹಳೆಯ ಗಾಯಗಳು ಬಾಯಿಬಿಟ್ಟದ್ದು ಈ ಸಿ ಜೀವಸತ್ವದ ಕೊರತೆಯಿಂದ. ಚರ್ಮದ ಕೊಲಾಜೆನ್ ಬಗ್ಗೆ ಪುರವಣಿ ನಿಜಕ್ಕೂ ಉಪಯುಕ್ತ ಲೇಖನ ಬರೆಸಬೇಕೆಂದಿದ್ದರೆ ನೆಲ್ಲಿಕಾಯಿ, ಸೀಬೆಹಣ್ಣು, ಬೀಡಿ ಸಿಗರೇಟು ಬಿಡುವುದು, ನಡುಮಧ್ಯಾಹ್ನದ ಬಿಸಿಲಿನಿಂದ ಚರ್ಮವನ್ನು ಕಾಪಾಡಿಕೊಳ್ಳುವುದು ಇವುಗಳ ಬಗ್ಗೆ ಬರೆಸಬಹುದಿತ್ತು. ಅದರಲ್ಲಿ ಡಬ್ಬಿಯ ಚಿತ್ರ ಹಾಕಲು ಅವಕಾಶವಿಲ್ಲ ಎಂಬುದೊಂದೇ ತೊಡಕು.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಕೊಲಾಜೆನ್ ಪುಡಿಯಿಂದ ಬಂದ ಎರಡು ಮೂರು ಕೊಂಡಿಗಳ ಕೆಲವು ಚೂರುಗಳು ಒಡೆಯದೆ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಅವು ಚರ್ಮದ ಕೋಶಗಳಿಗೆ ಏನಾದರೂ ಸೂಚನೆ ಕೊಡಬಹುದೇ ಎಂಬುದನ್ನು ಪರೀಕ್ಷಿಸುತ್ತಿದ್ದಾರೆ, ಅಲ್ಪಸ್ವಲ್ಪ ಪ್ರಯೋಜನ ಕಂಡಿದೆ ಎನ್ನುವ ಪ್ರಯೋಗಗಳೂ ಇವೆ, ಅವುಗಳಲ್ಲಿ ಹಲವಕ್ಕೆ ಹಣ ಹಾಕಿದವರು ಪುಡಿ ಮಾರುವವರೇ. ಅದು ವಿಚಾರಿಸಬೇಕಾದ ಪ್ರಶ್ನೆ, ವಿಚಾರಿಸಲಿ. ಆದರೆ ಅದು ಕಳೆದುಹೋದ ಕೊಲಾಜೆನ್ ಜಾಗದಲ್ಲಿ ಕುಡಿದ ಕೊಲಾಜೆನ್ ಹೋಗಿ ಕೂರುತ್ತದೆ ಎಂಬ ಹೇಳಿಕೆಯಲ್ಲ. ಆಹಾರವಾಗಿ ನೋಡಿದರೂ ಕೊಲಾಜೆನ್ ಬಡವ: ಮೈಗೆ ಅತ್ಯಗತ್ಯವಾದ ಒಂಬತ್ತು ಅಮೈನೋ ಆಮ್ಲಗಳಲ್ಲಿ ಒಂದಾದ ಟ್ರಿಪ್ಟೋಫ್ಯಾನ್ ಅದರಲ್ಲಿ ಇಲ್ಲವೇ ಇಲ್ಲ. ಪ್ಯಾರಿಸಿನಲ್ಲಿ ಬಡವರಿಗೂ ರೋಗಿಗಳಿಗೂ ಮೂಳೆ ಬೇಯಿಸಿ ತೆಗೆದ ಜೆಲಟಿನ್ ಸಾರನ್ನೇ ಮಾಂಸಕ್ಕೆ ಬದಲಾಗಿ ಉಣಿಸಬಹುದೇ ಎಂದು ನೋಡಲು ನೇಮಕವಾದ ಸಮಿತಿ, ಶರೀರವಿಜ್ಞಾನಿ ಫ್ರಾನ್ಸ್ವಾ ಮಜಾಂಡಿಯ ನೇತೃತ್ವದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ, ಜೆಲಟಿನ್ನೊಂದರಿಂದಲೇ ಜೀವ ಉಳಿಯದು ಎಂದು ವರದಿ ಕೊಟ್ಟದ್ದು 1841ರಲ್ಲಿ. ಜೆಲಟಿನ್ ಎಂದರೆ ಬೇಯಿಸಿದ ಕೊಲಾಜೆನ್ನೇ.

ಇಡಿಯಾಗಿ ಒಳಗೆ ಸೇರುವ ದೊಡ್ಡ ಅಣುಗಳೇ ಇಲ್ಲವೇ ಎಂದು ಕೇಳಬಹುದು. ಇವೆ. ಹುಚ್ಚು ಹಸು ರೋಗದ ಪ್ರಯಾನ್ ಎಂಬ ಪ್ರೋಟೀನು ಜೀರ್ಣರಸಕ್ಕೆ ಬಗ್ಗುವುದಿಲ್ಲ; ಕೆಟ್ಟ ಡಬ್ಬಿ ಆಹಾರದ ಬಾಟುಲಿನಂ ವಿಷವೂ ಹಾಗೆಯೇ ಉಳಿದು ಒಳಗೆ ಹೋಗಿ ನರಗಳನ್ನು ಹಿಡಿಯುತ್ತದೆ. ಒಳ್ಳೆಯ ಉದಾಹರಣೆ ಹಟ್ಟಿಯಲ್ಲಿದೆ. ಹಸುವಿನ ಗರ್ಭದಲ್ಲಿರುವ ಕರುವಿಗೆ ತಾಯಿಯ ರಕ್ತದಿಂದ ರೋಗ ತಡೆಯುವ ಪ್ರತಿಕಾಯಗಳು ದಾಟಿ ಬರುವುದಿಲ್ಲ, ಅದು ಅವನ್ನು ಪಡೆಯಬೇಕಾದ್ದು ಈದ ಮೇಲೆ ಕುಡಿಯುವ ಮೊದಲ ಹಾಲಿನಿಂದ. ಹುಟ್ಟಿದ ಮೊದಲ ದಿನ ಮಾತ್ರ ಕರುವಿನ ಕರುಳು ಈ ದೊಡ್ಡ ಪ್ರೋಟೀನುಗಳನ್ನು ಇಡಿಯಾಗಿ ಬಿಟ್ಟುಕೊಳ್ಳುತ್ತದೆ; ಗಂಟೆಗಂಟೆಗೂ ಆ ದಾರಿ ಕಿರಿದಾಗುತ್ತ ಬಂದು ಒಂದು ದಿನದ ಹೊತ್ತಿಗೆ ಮುಚ್ಚಿಹೋಗುತ್ತದೆ. ಗಿಣ್ಣನ್ನೆಲ್ಲ ಕರೆದುಕೊಳ್ಳದೆ ಕರುವಿಗೆ ಮೊದಲು ಬಿಡಬೇಕು ಎಂದು ಪಶುವೈದ್ಯರು ಒತ್ತಿ ಹೇಳುವುದು ಇದಕ್ಕೆ. ನಾವು ತಿನ್ನುವ ಗಿಣ್ಣು ಬೆಲ್ಲ ಏಲಕ್ಕಿಯೊಂದಿಗೆ ಹಬೆಯಲ್ಲಿ ಬೆಂದು, ಕತ್ತರಿಸಿದರೆ ತುಂಡಾಗುವಷ್ಟು ಗಟ್ಟಿಯಾಗುವುದಕ್ಕೂ ಆ ಪ್ರತಿಕಾಯಗಳು ಹಾಲಿನಲ್ಲಿ ಹೇರಳವಾಗಿರುವುದೇ ಮುಖ್ಯ ಕಾರಣ: ಶಾಖಕ್ಕೆ ಅವುಗಳ ಮಡಿಕೆಗಳು ಬಿಚ್ಚಿ ಒಂದಕ್ಕೊಂದು ಸಿಕ್ಕು ಹಾಕಿಕೊಳ್ಳುತ್ತವೆ, ನೀರು ನಡುವೆ ಸೆರೆಯಾಗುತ್ತದೆ. ರುಚಿಗೆ ಸಾಟಿಯಿಲ್ಲ. ರೋಗ ತಡೆಯುವ ಶಕ್ತಿ ಒಲೆಯ ಮೇಲೆ ಮುಗಿದಿರುತ್ತದೆ, ಅಲ್ಲಿ ಉಳಿದದ್ದು ದೊಡ್ಡವರ ಜಠರದಲ್ಲಿ ಮುಗಿಯುತ್ತದೆ. ಹಾಗಿರುವಾಗ ಗಿಣ್ಣಿನ ಮಾತ್ರೆ ನುಂಗಿದರೆ ಹಸುವಿನ ಪ್ರತಿಕಾಯಗಳು ನಮ್ಮ ರಕ್ತದಲ್ಲಿ ಕಾವಲು ನಿಲ್ಲುತ್ತವೆ ಎನ್ನುವುದು ಸರಿಯಲ್ಲ.

ದೊಡ್ಡ ಅಣುವಿನ ಕೆಲಸ ಅದರಲ್ಲಿ ಏನಿದೆ ಎಂಬುದರಿಂದಷ್ಟೇ ಅಲ್ಲ, ಯಾವುದು ಯಾವುದರ ಪಕ್ಕದಲ್ಲಿ ಯಾವ ಬಗೆಯಲ್ಲಿ ಬೆಸೆದಿದೆ ಎಂಬುದರಿಂದ ನಿರ್ಧಾರವಾಗುತ್ತದೆ ಎಂಬುದನ್ನು ಆರೋಗ್ಯ ಪುಟಗಳು ಮರೆಯುತ್ತವೆ. ಒಂದೇ ಗದ್ದೆಯ ಭತ್ತದಲ್ಲಿ ಅಕ್ಕಿಯ ಪಿಷ್ಟವೂ ಹುಲ್ಲಿನ ಸೆಲ್ಯುಲೋಸೂ ಗ್ಲೂಕೋಸಿನಿಂದಲೇ ಆದವು. ಕೊಂಡಿ ಬೆಸೆದ ದಿಕ್ಕಷ್ಟೇ ಬೇರೆ. ಅಷ್ಟಕ್ಕೆ ಅಕ್ಕಿ ನಮಗೆ ಅನ್ನವಾಗುತ್ತದೆ, ಹುಲ್ಲನ್ನು ಹಸುವಿಗೆ ಹಾಕಬೇಕಾಗುತ್ತದೆ; ಹಸುವಿಗೂ ಆ ಕೊಂಡಿ ಬಿಡಿಸುವ ಕಿಣ್ವವಿಲ್ಲ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳಿಗಿದೆ. ರಾಗಿಯಲ್ಲೂ ಇದನ್ನು ಕಾಣಬಹುದು. ಹಸಿ ರಾಗಿ ಹಿಟ್ಟು ಕುದಿಯುವ ಎಸರಿನಲ್ಲಿ ನೀರು ಕುಡಿದು ಉಬ್ಬಿ ಮುದ್ದೆ ಕಟ್ಟುತ್ತದೆ. ಅದೇ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿದ ಹಿಟ್ಟಿನಿಂದ ಗಂಜಿ ಕಾಸಿದರೆ ಅದು ತೆಳ್ಳಗೇ ಇರುತ್ತದೆ, ಏಕೆಂದರೆ ಮೊಳಕೆ ತನ್ನ ಬೆಳವಣಿಗೆಗೆಂದು ಹುಟ್ಟಿಸಿಕೊಂಡ ಅಮೈಲೇಸ್ ಪಿಷ್ಟದ ಸರಪಳಿಗಳನ್ನು ಆಗಲೇ ಮೋಟು ಮಾಡತೊಡಗಿರುತ್ತದೆ. ಕೂಸಿಗೆ ಒಂದು ಒಳಲೆಯಲ್ಲಿ ಹೆಚ್ಚು ಹಿಟ್ಟು ಇಳಿಸಲು ನಮ್ಮ ಮನೆಗಳು ಕಂಡುಕೊಂಡ ಈ ಉಪಾಯವನ್ನು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳೂ ಅಭ್ಯಾಸ ಮಾಡಿದ್ದಾರೆ.

ಸಾಲಿನ ಮಹತ್ವಕ್ಕೆ ಹಿಮೋಗ್ಲೋಬಿನ್ನಿಗಿಂತ ಕಠಿಣ ಉದಾಹರಣೆ ಬೇಕಿಲ್ಲ. ಅದರ ನಾಲ್ಕು ಎಳೆಗಳಲ್ಲಿ ಎರಡು ಬೀಟಾ ಎಳೆಗಳು, ಒಂದೊಂದರಲ್ಲಿ 146 ಅಮೈನೋ ಆಮ್ಲಗಳು. ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಇದ್ದರೆ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಕಂಬಿಗಳಾಗುತ್ತವೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬೀಳುತ್ತದೆ. ಈ ಒಂದು ಬದಲಾವಣೆಯನ್ನು ಕೇಂಬ್ರಿಡ್ಜಿನಲ್ಲಿ ವರ್ನನ್ ಇಂಗ್ರಾಂ ಗುರುತಿಸಿದ್ದು 1956–57ರಲ್ಲಿ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚಿನ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಎಂಬ ಈ ಕಾಯಿಲೆ ಇದೆ. 2023ರಲ್ಲಿ ಆರಂಭವಾದ, 2047ರೊಳಗೆ ಇದನ್ನು ನಿವಾರಿಸುವ ಗುರಿಯ ರಾಷ್ಟ್ರೀಯ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ರಕ್ತ ಹೆಚ್ಚಿಸುವ ಯಾವ ಸೊಪ್ಪೂ ಯಾವ ಟಾನಿಕ್ಕೂ ಆ ಆರನೆಯ ಸ್ಥಾನವನ್ನು ತಿದ್ದುವುದಿಲ್ಲ, ಏಕೆಂದರೆ ಸಾಲನ್ನು ಬರೆಯುವುದು ಊಟವಲ್ಲ, ಡಿ.ಎನ್.ಎ. ಈ ರೋಗಿಗಳ ನೋವನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು ನುಂಗಲು ಸಾಧ್ಯವಾಗಿರುವುದು ಅದರ ಅಣುತೂಕ ಬರೀ 76 ಆಗಿರುವುದರಿಂದ. ಅದು ಒಡೆಯಬೇಕಾದ ಸರಪಳಿಯೇ ಅಲ್ಲ. ಬುಡಕಟ್ಟು ಹಾಡಿಗಳಿಗೆ ಹೋಗಿ ರಕ್ತಶುದ್ಧಿಯ ಪುಡಿ ಮಾರುವವರ ವಿಷಯದಲ್ಲಿ ಪತ್ರಿಕೆಗಳು ಎಚ್ಚರ ವಹಿಸಬೇಕಾದ್ದು ಇದರಿಂದಾಗಿ.

ವಂಶವಾಹಿಯ ಹೆದರಿಕೆ ಇದೇ ತಪ್ಪಿನ ಇನ್ನೊಂದು ಮುಖ. ಕೀಟ ತಡೆಯಲೆಂದು ಬ್ಯಾಕ್ಟೀರಿಯಾದ ವಂಶವಾಹಿಯೊಂದನ್ನು ಸೇರಿಸಿದ ಬಿಟಿ ಬದನೆಯ ಬಿಡುಗಡೆಗೆ ಕೇಂದ್ರ ಸರ್ಕಾರ 2010ರ ಫೆಬ್ರುವರಿಯಲ್ಲಿ ತಡೆ ಹಾಕಿತು. ಬೀಜದ ಒಡೆತನ, ಕೀಟಗಳು ವಿಷಕ್ಕೆ ಒಗ್ಗಿಕೊಳ್ಳುವುದು, ನಾಡ ತಳಿಗಳಿಗೆ ಪರಾಗ ಸೇರುವುದು, ಹೊಸ ಪ್ರೋಟೀನಿನಿಂದ ಅಲರ್ಜಿಯಾದೀತೇ ಎಂಬುದು, ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು ಎಂದೇ ನನ್ನ ಅಭಿಪ್ರಾಯ. ಆದರೆ ಆ ಬದನೆಯ ವಂಶವಾಹಿ ತಿಂದವರ ವಂಶವಾಹಿಯಾಗುತ್ತದೆ ಎಂಬ ಮಾತು ಅವುಗಳ ಸಾಲಿಗೆ ಸೇರುವುದಿಲ್ಲ. ಉಡುಪಿಯ ಮಟ್ಟುಗುಳ್ಳ ಬದನೆ ತಿಂದರೂ, ಸೊಪ್ಪು ತಿಂದರೂ, ಮೀನು ತಿಂದರೂ ನಾವು ಡಿ.ಎನ್.ಎ. ತಿನ್ನುತ್ತಿರುತ್ತೇವೆ, ಅದನ್ನು ಒಡೆಯಲು ಮೇದೋಜ್ಜೀರಕ ಗ್ರಂಥಿ ಪ್ರತ್ಯೇಕ ಕಿಣ್ವಗಳನ್ನೇ ಸುರಿಸುತ್ತದೆ. ತಿಂದ ನ್ಯೂಕ್ಲಿಯಿಕ್ ಆಮ್ಲದಿಂದ ಆಗುವ ತೊಂದರೆಯೊಂದಿದ್ದರೆ ಅದು ಗೌಟ್ ಎಂಬ ಕೀಲುನೋವಿನ ಕಾಯಿಲೆ ಇರುವವರಿಗೆ: ಆ ಆಮ್ಲದಲ್ಲಿರುವ ಪ್ಯೂರಿನ್ ಎಂಬ ಅಂಶಗಳು ಯೂರಿಕ್ ಆಮ್ಲವಾಗುತ್ತವೆ, ಯಕೃತ್ತಿನ ಮಾಂಸವನ್ನೂ ಭೂತಾಯಿ ಮೀನನ್ನೂ ಮಿತಗೊಳಿಸಿ ಎಂದು ವೈದ್ಯರು ಹೇಳುವುದು ಆ ಲೆಕ್ಕದಲ್ಲಿ.

ಪ್ರೋಟೀನ್ ಪುಡಿಗಳ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಬೆಳೆದ ಮನುಷ್ಯನ ಮೈ ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನನ್ನು ತಾನೇ ಒಡೆದು ತಾನೇ ಕಟ್ಟಿಕೊಳ್ಳುತ್ತಿರುತ್ತದೆ, ಬಿಡಿ ಅಮೈನೋ ಆಮ್ಲಗಳಲ್ಲಿ ಬಹುಪಾಲನ್ನು ಮತ್ತೆ ಬಳಸಿಕೊಳ್ಳುತ್ತದೆ. ಹೊರಗಿನಿಂದ ಬೇಕಾದ್ದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ, ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, 60 ಕಿಲೋ ತೂಗುವವರಿಗೆ 50 ಗ್ರಾಂ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಗಳಲ್ಲಿ ಅದು ಹೇರಳ. ಬೇಳೆಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಧಾನ್ಯಗಳಲ್ಲಿದೆ. ಮುದ್ದೆಗೆ ಹುರುಳಿ ಸಾರು, ಇಡ್ಲಿಗೆ ಉದ್ದು ಸೇರುವ ಪದ್ಧತಿ ಈ ಲೆಕ್ಕವನ್ನು ಸರಿದೂಗಿಸುತ್ತದೆ. ನಮ್ಮಲ್ಲಿ ಅನೇಕರ ತಟ್ಟೆಯಲ್ಲಿ ಬೇಳೆ ಸಾಲದು ಎಂಬ ಕೊರಗು ನಿಜವಾದದ್ದು, ಅದಕ್ಕೆ ಪರಿಹಾರ ಬೇಳೆಯ ಬೆಲೆಯಲ್ಲಿದೆ. ಮೈಕಟ್ಟು ಬೆಳೆಸಲೆಂದು ಪ್ರೋಟೀನ್ ಪುಡಿ ಸೇವಿಸಬೇಡಿ ಎಂದು ಅದೇ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯೂ 2024ರ ಮಾರ್ಗಸೂಚಿಯಲ್ಲಿ ಹೇಳಿವೆ.

ಓದುಗರಿಗೆ ಇದನ್ನು ಶಾಲೆಯಲ್ಲೇ ಕಲಿಸಿರುತ್ತಾರಲ್ಲ, ಪತ್ರಿಕೆ ಏಕೆ ಹೇಳಬೇಕು ಎಂಬ ಪ್ರಶ್ನೆ ಬರಬಹುದು. ಎನ್.ಸಿ.ಇ.ಆರ್.ಟಿ.ಯ ಹನ್ನೊಂದನೇ ತರಗತಿಯ ಜೀವಶಾಸ್ತ್ರ ಪುಸ್ತಕದಲ್ಲಿ ಜೈವಿಕ ಅಣುಗಳ ಅಧ್ಯಾಯ ಈಗಲೂ ಇದೆ. ಅವು ಹೇಗೆ ಒಡೆದು ಮೈ ಸೇರುತ್ತವೆ ಎಂದು ಹೇಳುತ್ತಿದ್ದ ಜೀರ್ಣಕ್ರಿಯೆಯ ಅಧ್ಯಾಯವನ್ನು ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ 2022–23ರಿಂದ ಕೈಬಿಡಲಾಗಿದೆ. ಅಂದರೆ ವಿಜ್ಞಾನ ಓದುವ ಹುಡುಗ ಹುಡುಗಿಯರೂ ಈ ಅಣುಗಳ ಹೆಸರು, ರಚನೆಗಳನ್ನು ಬಾಯಿಪಾಠ ಮಾಡಿ, ಅವು ಹೊಟ್ಟೆಯಲ್ಲಿ ಏನಾಗುತ್ತವೆ ಎಂಬುದನ್ನು ಮೇಲಿನ ತರಗತಿಯ ಮಟ್ಟದಲ್ಲಿ ಓದದೆ ಮುಂದೆ ಹೋಗುತ್ತಾರೆ. ಆ ತೆರಪನ್ನು ಸದ್ಯಕ್ಕೆ ತುಂಬುತ್ತಿರುವುದು ಡಬ್ಬಿಗಳ ಮೇಲಿನ ಚೀಟಿಗಳು.

ಆದ್ದರಿಂದ ತಮ್ಮಲ್ಲಿ ಮೂರು ವಿನಂತಿಗಳಿವೆ. ಕೊಲಾಜೆನ್ ಲೇಖನಕ್ಕೆ ಅದೇ ಪುರವಣಿಯ ಅದೇ ಪುಟದಲ್ಲಿ ತಿದ್ದುಪಡಿ ಪ್ರಕಟಿಸಿ. ಒಳಪುಟದ ಮೂಲೆಯಲ್ಲಿ ಹಾಕಿದರೆ ಲೇಖನ ಓದಿದವರ ಕಣ್ಣಿಗೆ ಅದು ಬೀಳುವುದಿಲ್ಲ. ಹಣ ಪಡೆದು ಪ್ರಕಟಿಸುವ ಆರೋಗ್ಯ ಬರಹಗಳ ತಲೆಯ ಮೇಲೆ, ಉಳಿದ ಅಕ್ಷರಗಳಷ್ಟೇ ದಪ್ಪಗೆ, ಜಾಹೀರಾತು ಎಂದು ಅಚ್ಚು ಹಾಕಿ. ಮತ್ತು ಯಾವುದೇ ಪ್ರೋಟೀನನ್ನು, ಕಿಣ್ವವನ್ನು, ಪ್ರತಿಕಾಯವನ್ನು ಬಾಯಿಂದ ಸೇವಿಸಲು ಹೇಳುವ ಲೇಖನ ಕೈಗೆ ಬಂದಾಗ, ನುಂಗಿದ ವಸ್ತು ರಕ್ತದಲ್ಲಿ ಯಾವ ರೂಪದಲ್ಲಿ ಎಷ್ಟು ಕಂಡಿತು, ಅದನ್ನು ಎಷ್ಟು ಜನರಲ್ಲಿ ಯಾರ ಹಣದಿಂದ ಅಳೆದರು ಎಂಬ ಪ್ರಶ್ನೆಯನ್ನು ಲೇಖಕರಿಗೆ ಬರವಣಿಗೆಯಲ್ಲೇ ಕೇಳಿ, ಉತ್ತರ ಬಂದ ಮೇಲೆ ಪ್ರಕಟಿಸಿ. ಇಂಥ ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ಹೇಳಲು ನಮ್ಮ ಜಿಲ್ಲೆಯ ಕಾಲೇಜುಗಳಲ್ಲೇ ಜೀವರಸಾಯನ ಶಾಸ್ತ್ರದ ಅಧ್ಯಾಪಕರಿದ್ದಾರೆ, ಕೇಳಿದರೆ ಸಂಭಾವನೆಯಿಲ್ಲದೆ ಓದಿಕೊಡುತ್ತಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವರಸಾಯನ ಶಾಸ್ತ್ರ ಅಧ್ಯಾಪಕಿ,
ತುಮಕೂರು